ಪೆನ್‌ಡ್ರೈವ್ ತೆಗೆದ ಮೇಲೆ ಫೋಟೊಗಳು ಎಲ್ಲಿ ಹೋದವು?

ಮೈಸೂರಿನ ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿ. ಶಾಲೆಯ ಸ್ಮರಣ ಸಂಚಿಕೆ ತಿದ್ದಿಸಲು ಮೇಷ್ಟ್ರೊಬ್ಬರು ಪೆನ್‌ಡ್ರೈವ್ ತಂದಿದ್ದರು. ಫೈಲ್ ಥಟ್ಟನೆ ತೆರೆಯಿತು. "ಓಪನ್ ಆಯ್ತಲ್ಲಮ್ಮ, ಪೆನ್‌ಡ್ರೈವ್ ಕೊಟ್ಬಿಡು, ಸಂಜೆ ಬರ್ತೀನಿ" ಅಂದರು. ಹುಡುಗಿ ಕೊಟ್ಟಳು. ಎರಡು ಪುಟ ತಿದ್ದಿ ಕಂಪ್ಯೂಟರಿನಲ್ಲೇ ಸೇವ್ ಮಾಡಿದಳು. ಎರರ್ ಏನೂ ಬರಲಿಲ್ಲ. ಸಂಜೆ ಮೇಷ್ಟ್ರು ಹಳೇ ಫೈಲಿನ ಮೇಲೆಯೇ ಹೊಸದನ್ನು ಹಾಕಿಸಿಕೊಂಡು ಹೋದರು. ಮನೆಯಲ್ಲಿ ನೋಡಿದರೆ ಒಂಬತ್ತನೇ ಪುಟದಿಂದಾಚೆ ಫೋಟೊಗಳ ಜಾಗದಲ್ಲಿ ಬರೀ ಬೂದು ಚೌಕ.

ಆಗ ನಾನು ಅಂಗಡಿಯಲ್ಲೇ ಕೂತಿದ್ದೆ. ತಪ್ಪು ಹುಡುಗಿಯದೂ ಅಲ್ಲ, ಮೇಷ್ಟ್ರದೂ ಅಲ್ಲ. ಫೈಲ್ ತೆರೆದಂತೆ ಕಂಡಿತ್ತು, ಪೂರ್ತಿ ತೆರೆದಿರಲಿಲ್ಲ ಅಷ್ಟೆ. ಮುಂದಿನ ಫೋಟೊಗಳನ್ನು ಓದುವ ಮೊದಲೇ ಪೆನ್‌ಡ್ರೈವ್ ಹೊರಟುಹೋಗಿತ್ತು. ಬೇಕಾದಾಗ ಬೇಕಾದಷ್ಟೇ ಓದುವ ಈ ಪದ್ಧತಿಗೆ ಲೇಜಿ ಲೋಡಿಂಗ್ ಅಂತಾರೆ.

ಇದು ಹೊಸದೇನಲ್ಲ. ನಾವು ಜೆರಾಕ್ಸ್ ಅಂತ ಕರೆಯುತ್ತೇವಲ್ಲ, ಅದೇ ಹೆಸರಿನ ಕಂಪನಿಯ ಪ್ರಯೋಗಾಲಯದಲ್ಲಿ 1974ರಲ್ಲಿ ಬ್ರಾವೊ ಎಂಬ, ಬರಹ ಟೈಪ್ ಮಾಡಿ ತಿದ್ದುವ ಪ್ರೋಗ್ರಾಂ ಬಂತು. ಇಡೀ ಫೈಲನ್ನು ಮೆಮೊರಿಗೆ ತರಲು ಆಗ ಜಾಗವೇ ಇರಲಿಲ್ಲ. ಹಾಗಾಗಿ ಹಳೇ ಫೈಲನ್ನು ಮುಟ್ಟದೆ, ಹೊಸದಾಗಿ ಟೈಪ್ ಮಾಡಿದ್ದನ್ನು ಬೇರೆ ಕಡೆ ಇಟ್ಟು, ಯಾವ ತುಂಡು ಎಲ್ಲಿಂದ ಬರಬೇಕು ಅಂತ ಒಂದು ಪಟ್ಟಿ ಬರೆದುಕೊಳ್ಳುತ್ತಿತ್ತು. 1983ರಲ್ಲಿ ಬಂದ ಮೈಕ್ರೊಸಾಫ್ಟಿನ ವರ್ಡ್ ಕೂಡ ಇದೇ ದಾರಿ ಹಿಡಿಯಿತು. ಮುಂದೆ ಅದರಲ್ಲಿ 'ಫಾಸ್ಟ್ ಸೇವ್' ಬಂತು. ಬದಲಾವಣೆಯನ್ನು ಮಾತ್ರ ಫೈಲಿನ ಬಾಲಕ್ಕೆ ಅಂಟಿಸುವುದು. ಬೇಗ ಆಗುತ್ತಿತ್ತು, ಆದರೆ ಅಳಿಸಿದ ಮಾತುಗಳೂ ಫೈಲಿನೊಳಗೆ ಉಳಿದುಬಿಡುತ್ತಿದ್ದವು. 2007ರ ವರ್ಡ್‌ನಲ್ಲಿ ಅದನ್ನು ತೆಗೆದೇಬಿಟ್ಟರು.

ನಿಜವಾದ ಗಂಟು ಬಿದ್ದದ್ದು ಸುರಕ್ಷಿತವಾಗಿ ಸೇವ್ ಮಾಡಲು ಹೊರಟಾಗ. ಹಳೇ ಫೈಲಿನ ಮೇಲೆ ನೇರವಾಗಿ ಬರೆಯುವಾಗ ಕರೆಂಟ್ ಹೋದರೆ ಹಳೇದೂ ಇಲ್ಲ, ಹೊಸದೂ ಇಲ್ಲ. ಅದಕ್ಕೇ ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಬರೆದು, ಮುಗಿದ ಮೇಲೆ ಹಳೇ ಹೆಸರನ್ನು ಅದಕ್ಕೆ ಕೊಡುವುದು ರೂಢಿಯಾಯಿತು. ಆದರೆ ಇನ್ನೂ ಓದದ ಫೋಟೊಗಳು ಇರುವುದು ಹಳೇ ಫೈಲಿನಲ್ಲೇ ಅಲ್ವಾ? ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಯಾರಾದರೂ ತೆರೆದು ಹಿಡಿದಿರುವವರೆಗೆ, ಹೆಸರು ಹೋದರೂ ಹಳೇ ಫೈಲ್ ಡಿಸ್ಕಿನಲ್ಲಿ ಬದುಕಿರುತ್ತದೆ. ವಿಂಡೋಸ್‌ನಲ್ಲಿ ತೆರೆದು ಹಿಡಿದ ಫೈಲನ್ನು ಸಾಮಾನ್ಯವಾಗಿ ಬದಲಿಸಲು ಬಿಡುವುದೇ ಇಲ್ಲ. ಒಂದೇ ಪ್ರೋಗ್ರಾಂ ಎರಡೂ ಕಡೆ ಓಡಬೇಕಾದರೆ ಬರೆಯುವವರ ಪಾಡು ಕಷ್ಟ.

2009ರಲ್ಲಿ ಇನ್ನೊಂದು ಪೆಟ್ಟು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸಿನ ಎಕ್ಸ್‌ಟಿ4 ಎಂಬ ವ್ಯವಸ್ಥೆಯಲ್ಲಿ ಹೆಸರು ಬದಲಾದ ಸುದ್ದಿ ಡಿಸ್ಕಿಗೆ ಮೊದಲು ತಲುಪಿ, ಒಳಗಿನ ಮಾಲು ಆಮೇಲೆ ತಲುಪುತ್ತಿತ್ತು. ನಡುವೆ ಮೆಷಿನ್ ನಿಂತರೆ ಸೊನ್ನೆ ಬೈಟಿನ ಫೈಲ್ ಸಿಗುತ್ತಿತ್ತು. ಎಫ್‌ಸಿಂಕ್ ಎಂಬ ಆದೇಶ ಕೊಟ್ಟು ಬರೆದದ್ದನ್ನು ಡಿಸ್ಕಿಗೆ ತಲುಪಿಸುವುದು ಆ್ಯಪ್ ಬರೆದವರ ಕೆಲಸ ಅಂತ ಒಂದು ಕಡೆ, ಇಷ್ಟು ವರ್ಷ ನಡೆದದ್ದು ಈಗ ಯಾಕೆ ನಡೆಯಬಾರದು ಅಂತ ಇನ್ನೊಂದು ಕಡೆ. ಎರಡರಲ್ಲೂ ನ್ಯಾಯವಿತ್ತು.

2011ರಲ್ಲಿ ಮ್ಯಾಕ್ ತಾನಾಗಿಯೇ ಸೇವ್ ಮಾಡತೊಡಗಿತು. 'ಸೇವ್ ಆ್ಯಸ್' ಮೆನುವಿನಿಂದ ಮಾಯವಾಗಿ, ಮರುವರ್ಷ ಆಪ್ಷನ್ ಕೀ ಒತ್ತಿದರೆ ಮಾತ್ರ ಕಾಣುವಂತೆ ಮರಳಿತು. ಕೇಳದೆಯೇ ಸೇವ್ ಆಗುವಾಗ, ಓದದೆ ಉಳಿದ ಭಾಗವನ್ನು ಕಾಯುವ ಹೊಣೆ ಇನ್ನೂ ಜಾಸ್ತಿ.

ನನಗೆ ಅನ್ನಿಸುವುದು ಇಷ್ಟು. ಬೇಗ ತೆರೆಯುವುದು ಒಂದು ಸಾಲ, ಸೇವ್ ಮಾಡುವಾಗ ಅದನ್ನು ತೀರಿಸಲೇಬೇಕು. ಫೈಲ್ ತೆರೆದ ಕೂಡಲೇ ಅದರ ಒಂದು ನಕಲನ್ನು ಸ್ವಂತ ಡಿಸ್ಕಿನಲ್ಲಿ ಇಟ್ಟುಕೊಂಡರೆ ಜಾಗ ಸ್ವಲ್ಪ ಹೋಗುತ್ತದೆ, ಹೋಗಲಿ. ಫೋಟೊ ಓದಲು ಆಗಲಿಲ್ಲವೆಂದರೆ ಸೇವ್ ನಿಲ್ಲಿಸಿ ಹೇಳಬೇಕು. ಬೂದು ಚೌಕ ಬರೆದು ಸುಮ್ಮನಾಗಬಾರದು.

ಆ ಅಂಗಡಿಯಲ್ಲಿ ಈಗ ಪೆನ್‌ಡ್ರೈವ್‌ನಿಂದ ನೇರವಾಗಿ ಏನನ್ನೂ ತೆರೆಯುವುದಿಲ್ಲ. ಮೊದಲು ಡೆಸ್ಕ್‌ಟಾಪಿಗೆ ಕಾಪಿ, ಆಮೇಲೆ ಓಪನ್. ಮೇಷ್ಟ್ರು ಫೋಟೊಗಳನ್ನು ಒಂದೊಂದಾಗಿ ಮತ್ತೆ ಫೋನಿನಿಂದ ಕಳಿಸಿದರು. ಮೂರು ಮಾತ್ರ ಸಿಗಲೇ ಇಲ್ಲ.