ಪ್ರೋಟಾನ್ ಸ್ಥಿರವೇ? ಕೋಲಾರದ ಗಣಿ ಕೇಳಿದ ಪ್ರಶ್ನೆ

ಭೌತವಿಜ್ಞಾನದಲ್ಲಿ ‘ಸ್ಥಿರ’ ಎಂಬ ಮಾತಿಗೆ ಒಂದು ಷರತ್ತು ಸದಾ ಅಂಟಿಕೊಂಡಿರುತ್ತದೆ: ಇದುವರೆಗೆ ಒಡೆದದ್ದನ್ನು ಯಾರೂ ಕಂಡಿಲ್ಲ ಎಂಬುದು. ಬಿಸ್ಮತ್-209 ಪರಮಾಣುವನ್ನು ದಶಕಗಳ ಕಾಲ ಸ್ಥಿರವೆಂದೇ ಬಗೆಯಲಾಗಿತ್ತು. 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದೂ ಆಲ್ಫಾ ಕಣವನ್ನು ಹೊರಸೂಸಿ ಥ್ಯಾಲಿಯಂ ಆಗುವುದನ್ನು ಪತ್ತೆಹಚ್ಚಿದರು. ಅದರ ಅರ್ಧಾಯು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಬೇಕಾದ ಕಾಲ, 1380 ಕೋಟಿ ವರ್ಷದ ಈ ವಿಶ್ವದ ವಯಸ್ಸಿಗಿಂತ ನೂರು ಕೋಟಿ ಪಟ್ಟಿಗೂ ಹೆಚ್ಚು!

ಹಾಗಾದರೆ ಪ್ರತಿ ಪರಮಾಣುವಿನ ಒಡಲಲ್ಲಿರುವ ಪ್ರೋಟಾನಿನ ಗತಿಯೇನು? 1974ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ಜಾರ್ಜೈ ಮತ್ತು ಗ್ಲಾಶೋ ಮಂಡಿಸಿದ ಸಿದ್ಧಾಂತದ ಪ್ರಕಾರ ಅದೂ ಒಂದು ದಿನ ಅಳಿಯಬೇಕು. ಸರಾಸರಿ ಆಯಸ್ಸು ಮಾತ್ರ 1ರ ಮುಂದೆ ಮೂವತ್ತರಷ್ಟು ಸೊನ್ನೆ ಬರೆಯುವಷ್ಟು ವರ್ಷ. ಅಷ್ಟು ಕಾಲ ಕಾಯುವವರು ಯಾರು? ಅದಕ್ಕೊಂದು ಉಪಾಯವಿದೆ. ಒಂದೇ ಪ್ರೋಟಾನನ್ನು ಅಷ್ಟು ವರ್ಷ ಕಾಯುವ ಬದಲು, ಅಷ್ಟು ಪ್ರೋಟಾನುಗಳನ್ನು ಕೆಲವು ವರ್ಷ ಕಾದರೆ ಸಾಕು.

ಈ ಕಾವಲು 1980ರಲ್ಲಿ ಶುರುವಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ವಿಜ್ಞಾನಿಗಳೂ ಸೇರಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಉಪಕರಣ ಕಟ್ಟಿದರು. ಕಬ್ಬಿಣದ ಫಲಕಗಳ ಒಂದೊಂದು ಸಾಲಿನ ನಡುವೆ ಅನಿಲ ತುಂಬಿದ ಕೊಳವೆಗಳು. ಕಬ್ಬಿಣದಲ್ಲಿನ ಯಾವುದೇ ಪ್ರೋಟಾನ್ ಸಿಡಿದರೆ, ಅದರಿಂದ ಚಿಮ್ಮಿದ ಕಣಗಳು ಆ ಕೊಳವೆಗಳಲ್ಲಿ ತಮ್ಮ ಜಾಡು ಬಿಡಬೇಕು. ಅಷ್ಟು ಆಳಕ್ಕೆ ಇಳಿಯಲೇಬೇಕಿತ್ತು. ನೆಲದ ಮೇಲಾದರೆ ಬಾಹ್ಯಾಕಾಶದಿಂದ ಸುರಿಯುವ ವಿಶ್ವಕಿರಣಗಳ ಮಳೆಯಲ್ಲಿ ಆ ಒಂದು ಜಾಡು ಕಳೆದೇಹೋಗುತ್ತದೆ. ಗಣಿಯ ಮೇಲಿನ ಬಂಡೆ ಆ ಮಳೆಯನ್ನು ಬಹುಪಾಲು ತಡೆಯಿತು.

ಆದರೆ ಯಾವುದಕ್ಕೂ ಸುಲಭಕ್ಕೆ ತಾಗದೆ ಹಾದುಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳನ್ನು ಯಾವ ಬಂಡೆಯೂ ತಡೆಯದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಪತ್ತೆಹಚ್ಚಿದ ಕೀರ್ತಿ ಇದೇ ಗಣಿಯದು. ಅದೇ ಕಣಗಳು ಈಗ ಪ್ರೋಟಾನ್ ಸಿಡಿದಂತೆಯೇ ತೋರುವ ಜಾಡು ಬಿಡಬಲ್ಲವಾಗಿದ್ದವು. ಕೋಲಾರದ ತಂಡ ಪ್ರೋಟಾನ್ ಅಳಿವಿನಂತೆ ಕಂಡ ಕೆಲವು ಘಟನೆಗಳನ್ನು ವರದಿ ಮಾಡಿತು. ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಆದರೂ ಆ ಪ್ರಯತ್ನದ ಬಗ್ಗೆ ನನಗೆ ಅಪಾರ ಅಭಿಮಾನವಿದೆ. ಯಾರೂ ಸಂದೇಹಿಸದ ವಸ್ತುವನ್ನೇ ಅವರು ಒರೆಗೆ ಹಚ್ಚಿದರು.

ಗಣಿ 2001ರಲ್ಲಿ ಮುಚ್ಚಿತು. ಜಪಾನಿನ ಸೂಪರ್ ಕಾಮಿಯೋಕಾಂಡೆ ಎಂಬ ಭೂಗತ ಉಪಕರಣ 50,000 ಟನ್ ನೀರಿನಲ್ಲಿ ಹುಡುಕಿಯೂ ಪ್ರೋಟಾನಿನ ಅಳಿವನ್ನು ಕಂಡಿಲ್ಲ. ಪಾಸಿಟ್ರಾನ್ ಮತ್ತು ಪಯಾನ್ ಎಂಬ ಹಗುರ ಕಣಗಳಾಗಿ ಒಡೆಯುವುದಾದರೆ ಅದರ ಆಯಸ್ಸು 1ರ ಮುಂದೆ 34 ಸೊನ್ನೆಗಳಷ್ಟು ವರ್ಷಕ್ಕಿಂತ ಹೆಚ್ಚಿರಬೇಕು ಎಂಬುದು ಅಲ್ಲಿನ ಫಲಿತಾಂಶ. ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಹೈಪರ್ ಕಾಮಿಯೋಕಾಂಡೆಯ ನಿರ್ಮಾಣವೂ ಅಲ್ಲಿ ಆರಂಭವಾಗಿದೆ.