ಕೃತಕ ರಕ್ತನಾಳದ ಒಳಪದರವನ್ನು ದೇಹವೇ ಕಟ್ಟಿಕೊಳ್ಳುವುದಿಲ್ಲವೇ?

ಪ್ರಶ್ನೆ: ಕಾಲಿನ ಬೈಪಾಸ್‌ಗೆ ಬಳಸುವ ಕೃತಕ ನಾಳದೊಳಗೆ ರೋಗಿಯ ಜೀವಕೋಶಗಳನ್ನು ಮೊದಲೇ ಬೆಳೆಸುವುದೇಕೆ? ಕೆಲವು ತಿಂಗಳಲ್ಲಿ ದೇಹವೇ ಆ ಪದರವನ್ನು ಕಟ್ಟಿಕೊಳ್ಳುತ್ತದಲ್ಲವೇ?

ಉತ್ತರ: ಕಟ್ಟಿಕೊಳ್ಳುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಬುಡದಿಂದಲೇ ಹೇಳುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ. ಅಲ್ಲಿ ಜೋಡಿಸುತ್ತಿದ್ದ ನಾಳಗಳು ಬಹುಪಾಲು ಗಿಡ್ಡವಾಗಿದ್ದವು, ಪ್ರಾಣಿಗಳು ಎಳೆಯವು. ಎರಡೂ ತುದಿಗಳಿಂದ ತೆವಳಿ ಬಂದ ಕೋಶಗಳು ನಡುವೆ ಕೂಡಿಕೊಂಡಾಗ, ನಾಳ ತಾನಾಗಿಯೇ ವಾಸಿಯಾಯಿತೆಂದು ತೋರಿತು. ಮನುಷ್ಯರಲ್ಲಿ ವರ್ಷಗಟ್ಟಲೆ ಇದ್ದು ಹೊರತೆಗೆದ ನಾಳಗಳನ್ನು ಸೀಳಿ ನೋಡಿದಾಗ ಕಂಡದ್ದೇ ಬೇರೆ: ಹೊಲಿಗೆಯಿಂದ ಒಂದೆರಡು ಸೆಂಟಿಮೀಟರ್ ಒಳಗೆ ಬಂದು ಕೋಶಗಳು ನಿಂತುಬಿಟ್ಟಿರುತ್ತವೆ. ತೊಡೆಸಂದಿನಿಂದ ಮಂಡಿಯವರೆಗಿನ ನಾಳ ಒಂದು ಗೇಣಿಗೂ ಉದ್ದ. ಅದರ ನಡುಭಾಗ ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಉಂಟಾಗುವ ಎಳೆಯಂಥ ಪ್ರೋಟೀನು) ಮೆತ್ತಿದ ಬರಿಯ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಎಷ್ಟು ಕಾಯ್ದರೂ ಈ ಅಂತರ ತುಂಬುವುದಿಲ್ಲ.

ಜೀವಂತ ಒಳಪದರವು ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ಎಂಬ ರಾಸಾಯನಿಕಗಳನ್ನು ಸ್ರವಿಸಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟದಂತೆ ಸದಾ ತಡೆಯುತ್ತಿರುತ್ತದೆ. ಬರಿಯ ಪ್ಲಾಸ್ಟಿಕ್‌ಗೆ ಆ ಶಕ್ತಿಯಿಲ್ಲ. ಮಂಡಿಯ ಕೆಳಗೆ ನಾಳ ಸಣ್ಣದು, ರಕ್ತದ ಹರಿವು ನಿಧಾನ. ಹೀಗಾಗಿ ಹೆಪ್ಪುಗಟ್ಟುವ ಭಯ ಅಲ್ಲಿಯೇ ಹೆಚ್ಚು.

ಈ ಕೊರತೆಯನ್ನು ನೀಗಲು ವಿಯೆನ್ನಾದ ವೈದ್ಯರು 1989ರಲ್ಲಿ ಕೈಗೊಂಡ ಕೆಲಸ ನನಗೆ ಬಹಳ ಮೆಚ್ಚುಗೆಯದು. ರೋಗಿಯ ಚರ್ಮದಡಿಯ ಅಭಿಧಮನಿಯ ಸಣ್ಣ ತುಂಡೊಂದನ್ನು ತೆಗೆದು, ಕಿಣ್ವದಿಂದ ಅದರ ಒಳಪದರದ ಕೋಶಗಳನ್ನು ಬಿಡಿಸಿ, ವಾರಗಟ್ಟಲೆ ಬೆಳೆಸಿ, ಫೈಬ್ರಿನ್ ಅಂಟು ಬಳಿದ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್‌ನ ನಾಳದೊಳಗೆ ಬಿತ್ತಿ, ಅವು ಒತ್ತೊತ್ತಾಗಿ ನೆಲೆನಿಂತ ಮೇಲೆಯೇ ಕಾಲಿಗೆ ಜೋಡಿಸಿದರು. ಒಂಬತ್ತು ವರ್ಷಗಳ ನಂತರ ಕೋಶವಿದ್ದ ನಾಳಗಳಲ್ಲಿ ಶೇ. 65ರಷ್ಟು ತೆರೆದಿದ್ದವು, ಬರಿಯ ನಾಳಗಳಲ್ಲಿ ಶೇ. 16 ಮಾತ್ರ.

ಹಾಗಾದರೆ ಎಲ್ಲರಿಗೂ ಇದನ್ನೇ ಏಕೆ ಹಾಕುವುದಿಲ್ಲ? ಇದನ್ನು ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ರೋಗಿಯ ಕಾಲಿನದೇ ಸಫೀನಸ್ ಎಂಬ ಉದ್ದನೆಯ ಅಭಿಧಮನಿ ಚೆನ್ನಾಗಿದ್ದರೆ ಇಂದಿಗೂ ಅದೇ ಮೊದಲ ಆಯ್ಕೆ. ಅದರಲ್ಲಿ ಈ ಕೋಶಗಳು ಹುಟ್ಟಿನಿಂದಲೇ ಇವೆ. ಅದು ಸಿಗದವರಿಗೆ ಮಾತ್ರ ಕೃತಕ ನಾಳದ ಮಾತು. ಬೆರಳು ಕಪ್ಪಾಗಿ, ರಾತ್ರಿಯಿಡೀ ಕಾಲುನೋವಿನಿಂದ ನರಳುತ್ತಿರುವವರಿಗೆ ಕೋಶ ಬೆಳೆಯುವವರೆಗೆ ಕಾಯುವಷ್ಟು ಸಮಯವಿರುವುದಿಲ್ಲ, ಕೋಶ ಬೆಳೆಸಬಲ್ಲ ಪ್ರಯೋಗಾಲಯವೂ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ.