ಸ್ತನ ಗಡ್ಡೆಯ ಅಂಗಾಂಶ ವರದಿ: ಒಂದೊಂದು ಸಾಲೂ ಎಲ್ಲಿಂದ ಬರುತ್ತದೆ?

ಸ್ತನದಿಂದ ತೆಗೆದ ಗಡ್ಡೆಯ ಅಂಗಾಂಶ ವರದಿಯಲ್ಲಿ ಗಡ್ಡೆಯ ಬಗೆ, ಗ್ರೇಡ್ (ಗಡ್ಡೆಯ ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬ ಶ್ರೇಣಿ), ಅಳತೆ, ಅಂಚಿನ ಸ್ಥಿತಿ, ಕಂಕುಳಿನ ದುಗ್ಧಗ್ರಂಥಿಗಳ ಲೆಕ್ಕ, ಇಆರ್ (ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿಯುವ ಗ್ರಾಹಕ ಪ್ರೋಟೀನು), ಪಿಆರ್ (ಪ್ರೊಜೆಸ್ಟರೋನ್ ಹಾರ್ಮೋನಿನ ಗ್ರಾಹಕ), ಹರ್-2 (ಕೋಶದ ಪೊರೆಯ ಮೇಲಿನ ಬೆಳವಣಿಗೆಯ ಗ್ರಾಹಕ) ಎಂಬ ಸಾಲುಗಳಿರುತ್ತವೆ. ಪರೀಕ್ಷೆಗೆ ಕೂರುವವರು ಇವನ್ನು ಪಟ್ಟಿ ಮಾಡಿ ಬಾಯಿಪಾಠ ಹಾಕುವುದು ರೂಢಿ. ಹಾಗೆ ಕಲಿತದ್ದು ಬೇಗ ಮರೆತುಹೋಗುತ್ತದೆ. ಪ್ರತಿ ಸಾಲಿನ ಹಿಂದೆ ಪ್ರಯೋಗಾಲಯದಲ್ಲಿ ಯಾರೋ ಕೈಯಾರೆ ಮಾಡಿದ ಒಂದು ಕೆಲಸವಿದೆ, ಮುಂದೆ ಆ ಹೆಂಗಸಿನ ಚಿಕಿತ್ಸೆಯ ಒಂದು ತೀರ್ಮಾನವಿದೆ. ಈ ಎರಡನ್ನೂ ಜೋಡಿಸಿಕೊಂಡು ಓದಿದರೆ ವರದಿ ತಾನಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಅಂಗಾಂಶ ನಡೆದುಬರುವ ದಾರಿಯಲ್ಲೇ ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಮೊದಲ ಗಂಟೆ

ದೇಹದಿಂದ ಹೊರಬಂದ ಕ್ಷಣದಿಂದ ಅಂಗಾಂಶಕ್ಕೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಜೀವಕೋಶದೊಳಗಿನ ಕಿಣ್ವಗಳು ಆ ಕೋಶವನ್ನೇ ಕರಗಿಸತೊಡಗುತ್ತವೆ. ಇದನ್ನು ತಡೆಯುವುದು ಫಾರ್ಮಲಿನ್. ಪ್ರಯೋಗಾಲಯದಲ್ಲಿ ಬಳಸುವ ಶೇ 10ರ ಬಫರ್ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಸುಮಾರು ಶೇ 4 ಮಾತ್ರ. ಅದು ಪ್ರೋಟೀನುಗಳ ನಡುವೆ ಅಡ್ಡಕೊಂಡಿಗಳನ್ನು ಕಟ್ಟಿ, ಕೋಶವನ್ನು ಇದ್ದ ರೂಪದಲ್ಲೇ ನಿಲ್ಲಿಸುತ್ತದೆ.

ಈ ದ್ರವ ಅಂಗಾಂಶದೊಳಗೆ ಇಳಿಯುವುದು ತೀರ ನಿಧಾನ, ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಕೊಬ್ಬು ತುಂಬಿದ ಸ್ತನದ ಅಂಗಾಂಶದಲ್ಲಿ ಇನ್ನೂ ನಿಧಾನ. ಇಡೀ ಸ್ತನವನ್ನು ಹಾಗೆಯೇ ಡಬ್ಬಿಯಲ್ಲಿ ಮುಳುಗಿಸಿಟ್ಟರೆ ಮೇಲ್ಮೈ ಗಟ್ಟಿಯಾಗಿ, ನಡುವಿನ ಗಡ್ಡೆ ಕೊಳೆಯುತ್ತಾ ಇರುತ್ತದೆ. ಅದಕ್ಕೇ ಗಡ್ಡೆಯನ್ನು ಬೇಗ ಹೋಳು ಮಾಡಬೇಕು; ದ್ರವ ಅಂಗಾಂಶಕ್ಕಿಂತ ಕನಿಷ್ಠ ಹತ್ತು ಪಟ್ಟು ಇರಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್ ಸೇರಬೇಕು, 6ರಿಂದ 72 ಗಂಟೆಯವರೆಗೆ ಅದರಲ್ಲಿರಬೇಕು.

ಈ ಅಂಕಿಗಳನ್ನು ಸುಮ್ಮನೆ ದಾಟಬೇಡಿ. ಗಂಟೆಗಟ್ಟಲೆ ತಡವಾದರೆ ಕೋಶದಲ್ಲಿ ನಿಜಕ್ಕೂ ಇದ್ದ ಈಸ್ಟ್ರೊಜೆನ್ ಗ್ರಾಹಕ ಪ್ರೋಟೀನು ಹಾಳಾಗಿ, ವರದಿಯಲ್ಲಿ ಇಆರ್ ನೆಗೆಟಿವ್ ಎಂದು ಬರಬಹುದು. ಹಾಗಾದರೆ ಅಗ್ಗದ, ಈಸ್ಟ್ರೊಜೆನ್ನಿನ ಪರಿಣಾಮ ತಡೆದು ವರ್ಷಗಟ್ಟಲೆ ಕಾಪಾಡಬಲ್ಲ ಒಂದು ಮಾತ್ರೆ ಆಕೆಗೆ ಸಿಗದೇ ಹೋಗುತ್ತದೆ. ಸೂಕ್ಷ್ಮದರ್ಶಕದ ಮುಂದೆ ಎಷ್ಟು ದೊಡ್ಡ ತಜ್ಞರು ಕುಳಿತಿದ್ದರೂ ಈ ನಷ್ಟವನ್ನು ತುಂಬಿಕೊಡಲಾರರು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತಿ ಕಡಿಮೆ ಗಮನ ಪಡೆಯುವ, ಅತಿ ಹೆಚ್ಚು ಗಮನ ಬೇಡುವ ಘಟ್ಟ ಇದೇ. ಶಸ್ತ್ರಚಿಕಿತ್ಸಾ ಕೊಠಡಿಯ ಸಿಬ್ಬಂದಿ ಡಬ್ಬಿಯ ಮೇಲೆ ಗಡ್ಡೆ ತೆಗೆದ ಸಮಯ ಬರೆಯುವುದೂ ರೋಗನಿರ್ಣಯದ ಭಾಗವೇ.

ಮೇಜಿನ ಮೇಲೆ

ಮುಂದಿನದು ಬರಿಗಣ್ಣಿನ ಪರೀಕ್ಷೆ. ಪ್ರಯೋಗಾಲಯದವರು ಗ್ರಾಸಿಂಗ್ ಎನ್ನುತ್ತಾರೆ. ಶಸ್ತ್ರವೈದ್ಯರು ದಿಕ್ಕು ತಿಳಿಯಲೆಂದು ಹೊಲಿಗೆಯ ದಾರ ಬಿಟ್ಟಿರುತ್ತಾರೆ. ಗಿಡ್ಡ ದಾರ ಮೇಲಿನ ಬದಿಗೆ, ಉದ್ದ ದಾರ ಹೊರಬದಿಗೆ ಎಂಬುದು ಹಲವೆಡೆಯ ಪದ್ಧತಿ. ಹೊರಮೈಗೆ ಬೇರೆ ಬೇರೆ ಬಣ್ಣದ ಶಾಯಿ ಬಳಿದು, ಒಣಗಿಸಿ, ಆಮೇಲೆ ಕೊಯ್ಯುತ್ತಾರೆ. ಈ ಶಾಯಿ ಕೊನೆಯ ಸ್ಲೈಡಿನವರೆಗೂ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆಕ್ರಮಣಕಾರಿ ಗಡ್ಡೆಯ ಕೋಶ ಶಾಯಿಯನ್ನು ಮುಟ್ಟಿದ್ದರೆ ಅಂಚು ಪಾಸಿಟಿವ್, ಅಂದರೆ ಒಳಗೆ ಇನ್ನೂ ಗಡ್ಡೆ ಉಳಿದಿರುವ ಶಂಕೆ. ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಎರಡನೆಯ ಬಾರಿ ಕೊಯ್ಯಬೇಕೇ ಎಂಬ ಪ್ರಶ್ನೆ ಈ ಶಾಯಿಯ ಗೆರೆಯ ಮೇಲೆ ನಿಂತಿದೆ. ಸುತ್ತಲಿಗೆ ನುಗ್ಗದೆ ಹಾಲಿನ ನಾಳದೊಳಗೇ ಉಳಿದಿರುವ ಕ್ಯಾನ್ಸರ್, ಅಂದರೆ ಡಿಸಿಐಎಸ್ ಮಾತ್ರ ಇದ್ದರೆ 2 ಮಿಲಿಮೀಟರ್ ಅಂತರ ಬಯಸುತ್ತಾರೆ.

ಗಡ್ಡೆಯ ಅಳತೆಯನ್ನೂ ಇಲ್ಲೇ ತೆಗೆದುಕೊಂಡು, ಆಮೇಲೆ ಸ್ಲೈಡಿನಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. 20 ಮಿಲಿಮೀಟರ್‌ವರೆಗೆ ಟಿ1 (ಟಿ ಎಂದರೆ ಗಡ್ಡೆಯ ಗಾತ್ರದ ಹಂತ), ಅದನ್ನು ಮೀರಿ 50ರವರೆಗೆ ಟಿ2, ಅದಕ್ಕೂ ಮೀರಿದರೆ ಟಿ3. ಎಣಿಕೆಗೆ ಬರುವುದು ಆಕ್ರಮಣಕಾರಿ ಭಾಗ ಮಾತ್ರ. ಸುತ್ತಲಿನ ಡಿಸಿಐಎಸ್ ಭಾಗವನ್ನು ಸೇರಿಸುವಂತಿಲ್ಲ. ಗಡ್ಡೆಗಳು ಹಲವಿದ್ದರೆ ಎಲ್ಲವನ್ನೂ ಕೂಡಿಸದೆ, ಅತಿ ದೊಡ್ಡದನ್ನಷ್ಟೇ ಅಳೆಯಬೇಕು.

ಆರಿಸಿದ ತುಣುಕುಗಳು ಮದ್ಯಸಾರದಲ್ಲಿ ನೀರು ಕಳೆದುಕೊಂಡು, ಕ್ಸೈಲೀನ್ ದಾಟಿ, ಕರಗಿದ ಪ್ಯಾರಾಫಿನ್ ಮೇಣವನ್ನು ಹೀರಿಕೊಂಡು ಬ್ಲಾಕ್ ಆಗುತ್ತವೆ. ಮೈಕ್ರೋಟೋಮ್ ಅದರಿಂದ 3ರಿಂದ 5 ಮೈಕ್ರಾನ್ ದಪ್ಪದ ಪದರಗಳನ್ನು ಕೊಯ್ಯುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟ ಪದರವನ್ನು ಗಾಜಿನ ಮೇಲೆ ಸುಕ್ಕಿಲ್ಲದೆ ಎತ್ತಿಕೊಳ್ಳುವುದು ತಂತ್ರಜ್ಞರ ಕೈಚಳಕ. ಬಳಿಕ ಎರಡು ಬಣ್ಣ: ಹೀಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೀಲಿ ಕೊಡುತ್ತದೆ, ಇಯೋಸಿನ್ ಕೋಶರಸಕ್ಕೂ ನಾರುಗಳಿಗೂ ಗುಲಾಬಿ ಕೊಡುತ್ತದೆ. ಹೀಮಟಾಕ್ಸಿಲಿನ್ ದೊರೆಯುವುದು ಮೆಕ್ಸಿಕೋದ ಕಂಪೆಚೆ ಪ್ರದೇಶದ ಹೆಸರು ಹೊತ್ತ ಒಂದು ಮರದ ತಿರುಳಿನಿಂದ. ಆಣ್ವಿಕ ಪರೀಕ್ಷೆಗಳ ಈ ಕಾಲದಲ್ಲೂ ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಮೊದಲ ಮಾತು ಬಹುಪಾಲು ಈ ನೀಲಿ ಗುಲಾಬಿಯಲ್ಲೇ ತೀರ್ಮಾನವಾಗುತ್ತದೆ.

ಮೊದಲು ಜೋಡಣೆ, ಆಮೇಲೆ ಕೋಶ

ಹೊಸದಾಗಿ ಸ್ಲೈಡ್ ನೋಡುವವರು ನೇರವಾಗಿ 40ರ ಮಸೂರಕ್ಕೆ ಹಾರುತ್ತಾರೆ. ಅನುಭವಿಗಳು ಕಡಿಮೆ ವರ್ಧನೆಯಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. ಕ್ಯಾನ್ಸರ್ ಎನ್ನುವುದು ಒಂಟಿ ಕೋಶದ ವಿಕಾರದಷ್ಟೇ, ಕೋಶಗಳು ತಮ್ಮ ಎಲ್ಲೆ ಮೀರಿದ ಸಂಗತಿಯೂ ಹೌದು. ಎಲ್ಲೆ ಕಾಣಬೇಕಾದರೆ ದೂರದಿಂದ ನೋಡಬೇಕು.

ಆರೋಗ್ಯವಂತ ಹಾಲಿನ ನಾಳದ ಗೋಡೆಗೆ ಎರಡು ಪದರ: ಒಳಗೆ ನಾಳವನ್ನು ಹೊದ್ದ ಕೋಶಗಳು, ಹೊರಗೆ ಸ್ನಾಯುವಿನಂತೆ ಸಂಕುಚಿಸಬಲ್ಲ ಮೈಯೋಎಪಿಥೀಲಿಯಲ್ ಕೋಶಗಳು. ಇವೆರಡರ ಆಚೆಗೆ ಆಧಾರ ಪೊರೆ. ಡಿಸಿಐಎಸ್‌ನಲ್ಲಿ ನಾಳದೊಳಗೆ ಕ್ಯಾನ್ಸರ್ ಕೋಶಗಳು ಕಿಕ್ಕಿರಿದಿದ್ದರೂ ಹೊರಪದರ ಇನ್ನೂ ಇದೆ. ಆಕ್ರಮಣ ಶುರುವಾದಾಗ ಆ ಪದರ ಇಲ್ಲವಾಗಿ, ಕೋಶಗಳು ಸುತ್ತಲಿನ ನಾರಿಗೆ ನುಗ್ಗುತ್ತವೆ. ಆ ನಾರೂ ಪ್ರತಿಕ್ರಿಯಿಸಿ ದಟ್ಟವಾಗುತ್ತದೆ. ಕೈಗೆ ಕಲ್ಲಿನಂತೆ ಸಿಗುವ ಗಡಸುತನದಲ್ಲಿ ದೊಡ್ಡ ಪಾಲು ಈ ನಾರಿನದು.

ಇಲ್ಲಿ ಒಂದು ಎಚ್ಚರ. ಸ್ಲೈಡ್ ಎಂದರೆ ಮೂರು ಆಯಾಮದ ವಸ್ತುವಿನ ಒಂದು ಹೋಳು. ಬಾಳೆದಿಂಡನ್ನು ಅಡ್ಡ ಕೊಯ್ದರೆ ಬಿಲ್ಲೆ, ಉದ್ದಕ್ಕೆ ಸೀಳಿದರೆ ಪಟ್ಟಿ, ಓರೆಯಾಗಿ ಕೊಯ್ದರೆ ಇನ್ನೇನೋ ಆಕಾರ. ನಾಳವೂ ಹಾಗೆಯೇ. ಓರೆಯಾಗಿ ಸಿಕ್ಕಿದ ಸಾಧು ನಾಳ ಆಕ್ರಮಣದಂತೆ ಕಣ್ಣಿಗೆ ಮೋಸ ಮಾಡಬಲ್ಲದು. ಸ್ಕ್ಲಿರೋಸಿಂಗ್ ಅಡಿನೋಸಿಸ್ ಎಂಬ ನಿರಪಾಯಕಾರಿ ಸ್ಥಿತಿಯಲ್ಲಿ ಸಣ್ಣ ಗ್ರಂಥಿಗಳು ನಾರಿನ ನಡುವೆ ಹಿಂಡಿಹೋಗಿ ಕ್ಯಾನ್ಸರನ್ನೇ ಹೋಲುತ್ತವೆ. ಆಗ ಪಿ63 ಅಥವಾ ಸ್ಮೂತ್ ಮಸಲ್ ಮಯೋಸಿನ್ ಪ್ರತಿಕಾಯದಿಂದ ಹೊರಪದರಕ್ಕೆ ಬಣ್ಣ ಹಾಕಿ ನೋಡುತ್ತಾರೆ. ಪದರ ಇದ್ದರೆ ನಿಟ್ಟುಸಿರು. ಈ ನಿಯಮಕ್ಕೆ ಅಪವಾದವೂ ಉಂಟು: ಮೈಕ್ರೋಗ್ಲಾಂಡ್ಯುಲರ್ ಅಡಿನೋಸಿಸ್‌ನಲ್ಲಿ ಆಕ್ರಮಣವಿಲ್ಲದೆಯೂ ಈ ಪದರ ಇರುವುದಿಲ್ಲ. ಒಂದೇ ಬಣ್ಣವನ್ನು ನಂಬಿ ತೀರ್ಪು ಕೊಡಬಾರದು ಎಂಬುದಕ್ಕೆ ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳಿ.

ಗಡ್ಡೆಯ ಬಗೆಯೂ ಜೋಡಣೆಯಿಂದಲೇ ಗೊತ್ತಾಗುತ್ತದೆ. ಲೋಬ್ಯುಲರ್ ಕಾರ್ಸಿನೋಮಾದಲ್ಲಿ ಕೋಶಗಳು ಒಂದರ ಹಿಂದೊಂದು ಸಾಲಾಗಿ ನಡೆಯುತ್ತವೆ. ಕೋಶವನ್ನು ಕೋಶಕ್ಕೆ ಅಂಟಿಸುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಹೆಚ್ಚಿನವುಗಳಲ್ಲಿ ಕಳೆದುಹೋಗಿರುವುದೇ ಕಾರಣ. ಒಗ್ಗೂಡದೆ ಹರಡುವುದರಿಂದ ಇವು ಗಂಟಾಗಿ ಕೈಗೆ ಸಿಗುವುದೂ ಮ್ಯಾಮೊಗ್ರಾಂನಲ್ಲಿ ಕಾಣುವುದೂ ಕಷ್ಟ.

ಗ್ರೇಡ್: ಎಣಿಕೆಯ ಹೊಣೆ

1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೂಪಿಸಿದ ಕ್ರಮವನ್ನು 1991ರಲ್ಲಿ ನಾಟಿಂಗ್‌ಹ್ಯಾಮ್‌ನ ಎಲ್‌ಸ್ಟನ್ ಮತ್ತು ಎಲ್ಲಿಸ್ ಪರಿಷ್ಕರಿಸಿದರು. ನೋಡುವುದು ಮೂರು ಸಂಗತಿ, ಒಂದೊಂದಕ್ಕೂ 1ರಿಂದ 3 ಅಂಕ. ಮೊದಲನೆಯದು ನಳಿಕೆ ಕಟ್ಟುವಿಕೆ: ಗಡ್ಡೆಯ ಶೇ 75ಕ್ಕಿಂತ ಹೆಚ್ಚು ಭಾಗ ನಳಿಕೆಗಳಿದ್ದರೆ 1, ಶೇ 10ಕ್ಕಿಂತ ಕಡಿಮೆ ಇದ್ದರೆ 3, ನಡುವಿನದು 2. ಎರಡನೆಯದು ಕೋಶಕೇಂದ್ರಗಳ ಗಾತ್ರ ಮತ್ತು ಆಕಾರದ ಏರುಪೇರು. ಮೂರನೆಯದು ವಿಭಜನೆಯಲ್ಲಿ ತೊಡಗಿದ ಕೋಶಗಳ ಎಣಿಕೆ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3.

ಕೂಡುವುದು ಸುಲಭ, ಎಣಿಸುವುದು ಕಠಿಣ. ಹೆಚ್ಚು ವರ್ಧನೆಯಲ್ಲಿ ಹತ್ತು ಕ್ಷೇತ್ರಗಳಲ್ಲಿ ಎಣಿಸಬೇಕು. ಅದೂ ಗಡ್ಡೆಯ ಅಂಚಿನಲ್ಲಿ, ವಿಭಜನೆ ಚುರುಕಾಗಿರುವ ಕಡೆ. ಆದರೆ ಒಂದು ಸೂಕ್ಷ್ಮದರ್ಶಕದ ಕ್ಷೇತ್ರ ಇನ್ನೊಂದರದಷ್ಟೇ ಇರುವುದಿಲ್ಲ. ಕ್ಷೇತ್ರದ ವ್ಯಾಸ 0.40 ಮಿಲಿಮೀಟರ್ ಇದ್ದರೆ 10 ವಿಭಜನೆ ಕಂಡಾಗಲೇ 3 ಅಂಕ. ವ್ಯಾಸ 0.50 ಇದ್ದರೆ 8ರಿಂದ 14ರವರೆಗೆ 2 ಅಂಕ, 15 ಅಥವಾ ಹೆಚ್ಚು ಬಂದರೆ 3. ಈಗ ಲೆಕ್ಕ ಹಾಕಿ ನೋಡಿ: ನಳಿಕೆಗೆ 3, ಕೋಶಕೇಂದ್ರಕ್ಕೆ 2, ವಿಭಜನೆಯ ಎಣಿಕೆ 10. ಮೊದಲ ಸೂಕ್ಷ್ಮದರ್ಶಕದಲ್ಲಿ ಒಟ್ಟು 8, ಗ್ರೇಡ್ 3. ಎರಡನೆಯದರಲ್ಲಿ ಒಟ್ಟು 7, ಗ್ರೇಡ್ 2. ತಾವು ಬಳಸುವ ಸೂಕ್ಷ್ಮದರ್ಶಕದ ಕ್ಷೇತ್ರ ವ್ಯಾಸವನ್ನು ಅಳೆಯದೆ ಗ್ರೇಡ್ ಬರೆಯುವುದು ಅಳತೆಗೋಲು ಇಲ್ಲದೆ ಅಳತೆ ಹೇಳಿದಂತೆ. ಸಾಯುತ್ತಿರುವ ಕೋಶದ ಕುಗ್ಗಿದ ಕಪ್ಪು ಕೇಂದ್ರವನ್ನು ವಿಭಜನೆ ಎಂದು ಎಣಿಸಬಾರದು. ಫಾರ್ಮಲಿನ್ ತಡವಾದ ಅಂಗಾಂಶದಲ್ಲಿ ವಿಭಜನೆಗಳೇ ಮಸುಕಾಗಿ ಎಣಿಕೆ ಇಳಿಯುತ್ತದೆ ಎಂಬುದನ್ನೂ ಗಮನಿಸಿ.

ಗಡ್ಡೆಯ ಕೋಶ ರಕ್ತನಾಳ ಅಥವಾ ದುಗ್ಧನಾಳ ಹೊಕ್ಕಿದೆಯೇ ಎಂದು ನೋಡಲು ಗಡ್ಡೆಯ ಹೊರಗಿನ ವಲಯವನ್ನು ಹುಡುಕಬೇಕು. ಗಡ್ಡೆಯ ಒಳಗೆ ಕಾಣುವ ಎಷ್ಟೋ ಬಿಳಿ ಬಿರುಕುಗಳು ಅಂಗಾಂಶ ಕುಗ್ಗಿದ್ದರಿಂದ ಆದ ಖಾಲಿ ಜಾಗಗಳು.

ಕಂಕುಳಿನ ಗ್ರಂಥಿಯಲ್ಲಿ ಅಳತೆ ಮುಖ್ಯ. 0.2 ಮಿಲಿಮೀಟರ್ ದಾಟದ ಗುಂಪನ್ನು ಬಿಡಿಕೋಶಗಳೆಂದೂ, 2 ಮಿಲಿಮೀಟರ್‌ವರೆಗಿನದನ್ನು ಸೂಕ್ಷ್ಮ ಹರಡುವಿಕೆ ಎಂದೂ, ಅದಕ್ಕಿಂತ ದೊಡ್ಡದನ್ನು ಪೂರ್ಣ ಹರಡುವಿಕೆ ಎಂದೂ ಬರೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಡುವೆಯೇ ಉತ್ತರ ಬೇಕಾದರೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕೊಯ್ದು ನೋಡುವ ಫ್ರೋಜನ್ ಸೆಕ್ಷನ್ ಇದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿಸ್ ವಿಲ್ಸನ್ 1905ರಲ್ಲಿ ಇದನ್ನು ದೈನಂದಿನ ಬಳಕೆಗೆ ತಂದರು. ಮಂಜುಗಟ್ಟಿದ ಅಂಗಾಂಶದ ಚಿತ್ರ ಪ್ಯಾರಾಫಿನ್‌ನಷ್ಟು ಸ್ಪಷ್ಟವಿರುವುದಿಲ್ಲ. ಅಂತಿಮ ವರದಿಗೆ ಮೇಣದ ಬ್ಲಾಕನ್ನೇ ಕಾಯಬೇಕು.

ಇಆರ್, ಪಿಆರ್, ಹರ್-2

1896ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯ ಅಂಡಾಶಯಗಳನ್ನು ತೆಗೆದಾಗ ಗಡ್ಡೆ ಕುಗ್ಗಿದ್ದನ್ನು ವರದಿ ಮಾಡಿದರು. ಎಲ್ಲರಲ್ಲೂ ಹೀಗೇಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಹಲವು ದಶಕಗಳ ಬಳಿಕ, ಷಿಕಾಗೊದಲ್ಲಿ ಎಲ್‌ವುಡ್ ಜೆನ್ಸನ್ ಈಸ್ಟ್ರೊಜೆನ್ ಗ್ರಾಹಕವನ್ನು ಗುರುತಿಸಿದಾಗ. ಇಂದು ಅದೇ ಗ್ರಾಹಕವನ್ನು ಪ್ರತಿಕಾಯ ಬಳಸಿ ಸ್ಲೈಡಿನ ಮೇಲೆ ಕಂದು ಬಣ್ಣವಾಗಿ ಕಾಣುತ್ತೇವೆ. ಫಾರ್ಮಲಿನ್ ಕಟ್ಟಿದ ಕೊಂಡಿಗಳು ಪ್ರೋಟೀನನ್ನು ಮುಚ್ಚಿಡುವುದರಿಂದ ಮೊದಲು ಸ್ಲೈಡನ್ನು ಬಫರ್ ದ್ರಾವಣದಲ್ಲಿ ಕಾಯಿಸಬೇಕು. ಈ ಉಪಾಯ ಪ್ರಕಟವಾದದ್ದು 1991ರಲ್ಲಿ.

ಇಆರ್ ಬಣ್ಣ ಕೋಶಕೇಂದ್ರದಲ್ಲಿ ಬರಬೇಕು. ಶೇ 1ರಷ್ಟು ಗಡ್ಡೆಕೋಶಗಳಲ್ಲಿ ಬಂದರೂ ಪಾಸಿಟಿವ್; ಶೇ 1ರಿಂದ 10ರವರೆಗೆ ಇದ್ದರೆ ‘ಕಡಿಮೆ ಪಾಸಿಟಿವ್’ ಎಂದು ಬೇರೆಯಾಗಿ ಬರೆಯುತ್ತಾರೆ. ಅದೇ ಸ್ಲೈಡಿನಲ್ಲಿರುವ ಆರೋಗ್ಯವಂತ ನಾಳದ ಕೋಶಗಳು ಬಣ್ಣ ಹಿಡಿದಿವೆಯೇ ಎಂದು ಮೊದಲು ನೋಡಿ. ಅವೂ ಖಾಲಿ ಇದ್ದರೆ ನೆಗೆಟಿವ್ ಎಂದು ಬರೆಯುವ ಮುನ್ನ ಪರೀಕ್ಷೆಯನ್ನೇ ಶಂಕಿಸಬೇಕು.

ಹರ್-2 ಬಣ್ಣ ಕೋಶದ ಪೊರೆಯ ಸುತ್ತ ಬರುತ್ತದೆ. ಶೇ 10ಕ್ಕಿಂತ ಹೆಚ್ಚು ಕೋಶಗಳಲ್ಲಿ ಪೂರ್ತಿ ಸುತ್ತುವರಿದ ಗಾಢ ಬಣ್ಣ ಇದ್ದರೆ 3+, ಅಂದರೆ ಪಾಸಿಟಿವ್. 2+ ಎಂದರೆ ಅನಿಶ್ಚಿತ. ಆಗ ಫಿಶ್ ಪರೀಕ್ಷೆಯಲ್ಲಿ ಹರ್-2 ವಂಶವಾಹಿಯ ಪ್ರತಿಗಳನ್ನು ಹೊಳೆಯುವ ಚುಕ್ಕೆಗಳಾಗಿ ಎಣಿಸಿ, 17ನೇ ವರ್ಣತಂತುವಿನ ಚುಕ್ಕೆಗಳ ಜೊತೆ ಹೋಲಿಸುತ್ತಾರೆ. ಅನುಪಾತ 2 ಅಥವಾ ಹೆಚ್ಚು, ಕೋಶಕ್ಕೆ ಸರಾಸರಿ ಪ್ರತಿಗಳು 4 ಅಥವಾ ಹೆಚ್ಚು ಇದ್ದರೆ ಪಾಸಿಟಿವ್. ಈ ವಂಶವಾಹಿ ಹೆಚ್ಚಿದ ಗಡ್ಡೆಗಳು ಉಗ್ರವೆಂದು ಡೆನಿಸ್ ಸ್ಲೇಮನ್ ತಂಡ 1987ರಲ್ಲಿ ತೋರಿಸಿತು. ಅದರ ವಿರುದ್ಧದ ಟ್ರಾಸ್ಟುಜುಮಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೆದರಿಸುತ್ತಿದ್ದ ಸಾಲೊಂದು ಚಿಕಿತ್ಸೆಯ ದಾರಿ ತೋರುವ ಸಾಲಾಯಿತು.

0 ಮತ್ತು 1+ ಎರಡೂ ನೆಗೆಟಿವ್ ಆದ್ದರಿಂದ ಅವುಗಳ ನಡುವಿನ ವ್ಯತ್ಯಾಸಕ್ಕೆ ಬಹುಕಾಲ ಬೆಲೆಯಿರಲಿಲ್ಲ. 2022ರಲ್ಲಿ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಕ್ಕೆ, ಹರಡಿದ ‘ಹರ್-2 ಕಡಿಮೆ’ ಗಡ್ಡೆಗಳಲ್ಲಿ ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು. 1+ ಮತ್ತು ಫಿಶ್ ನೆಗೆಟಿವ್ ಆದ 2+ ಆ ಗುಂಪಿಗೆ ಸೇರುತ್ತವೆ. ಹೀಗಾಗಿ ವರ್ಷಗಳ ಹಿಂದೆ ‘ನೆಗೆಟಿವ್’ ಎಂದಷ್ಟೇ ಬರೆದಿಟ್ಟ ವರದಿಗಳ ಬ್ಲಾಕನ್ನು ಮತ್ತೆ ಹೊರತೆಗೆದು ನೋಡುವ ಸಂದರ್ಭಗಳು ಬರುತ್ತಿವೆ.

ಆದ್ದರಿಂದ ಬ್ಲಾಕ್ ಯಾರ ಬಳಿ ಇದೆ ಎಂಬುದು ಮುಖ್ಯ. ಜಿಲ್ಲಾ ಕೇಂದ್ರದಲ್ಲಿ ಬಯಾಪ್ಸಿ ಮಾಡಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೊರಟವರು ನಿಮ್ಮ ಬಳಿ ಸಲಹೆ ಕೇಳಿದರೆ, ವರದಿಯ ಕಾಗದದ ಜೊತೆಗೆ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯುವಂತೆ ಹೇಳಿ. ಬಣ್ಣ ಹಾಕಿದ ಸ್ಲೈಡನ್ನು ಮತ್ತೆ ಓದಬಹುದು. ಹೊಸ ಪ್ರತಿಕಾಯ ಹಾಕಲು, ಫಿಶ್ ಮಾಡಲು ಬ್ಲಾಕಿನಿಂದ ಹೊಸ ಪದರ ಕೊಯ್ಯಬೇಕು. ಬ್ಲಾಕನ್ನು ಬಿಸಿಲಿಗೆ ಕಾದ ವಾಹನದಲ್ಲಿ ಬಿಡಬಾರದು, ಮೇಣ ಕರಗಬಹುದು.